ತೊಟ್ಟಿಲು ಯಾವ ಊರಾಗ?

ಕುಬಸದ (ಸೀಮಂತದ) ಊಟ ಮುಗಿದು, ಬಂದ ಬೀಗರು ಎಲೆಯಡಿಕೆ ಹಾಕಿಕೊಂಡು ಕೂತಾಗ ಕಲಬುರಗಿ ಜಿಲ್ಲೆಯ ಮೂಡಣ ಊರುಗಳಲ್ಲಿ ಎರಡು ಮಾತು ಏಳುತ್ತವೆ. ಹೆರಿಗೆ ಎಲ್ಲಿ? ಆಮೇಲೆ ಸಂಸಾರ ಎಲ್ಲಿ? ಮೊದಲನೆಯದಕ್ಕೆ ಉತ್ತರ ಹುಡುಕಬೇಕಾಗಿಲ್ಲ. ಚೊಚ್ಚಲ ಹೆರಿಗೆ ತವರಿನದು ಎಂಬುದು ಇಲ್ಲಿ ಹಿಂದಿನಿಂದ ಬಂದ ರೂಢಿ. ಎರಡನೆಯ ಮಾತು ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ. ಬೀಗರು ಎದ್ದು ಹೋದ ಮೇಲೂ ಗಂಡಹೆಂಡಿರ ನಡುವೆ ಅದು ರಾತ್ರಿ ಹೊತ್ತು ಉಳಿದುಕೊಳ್ಳುತ್ತದೆ.

ಹೆಣ್ಣಿನ ತವರು ಸೇಡಂ ಅಂದುಕೊಳ್ಳೋಣ. ಗಂಡ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕೈಕೆಳಗೆ ದುಡಿಯುತ್ತಾನೆ. ಅತ್ತೆ ಮಾವ ಚಿಂಚೋಳಿ ತಾಲ್ಲೂಕಿನ ಹಳ್ಳಿಯಲ್ಲಿ ತೊಗರಿ ಹೊಲ ನೋಡಿಕೊಂಡಿದ್ದಾರೆ. ಭಾವ ಹೈದರಾಬಾದಿನಲ್ಲಿದ್ದಾನೆ. ಇಂಥ ಜೋಡಿ ಈ ಭಾಗದಲ್ಲಿ ಓಣಿಗೊಂದು ಸಿಗುತ್ತದೆ.

"ವಾಡ್ಯಾಗೇ ಒಂದು ಖೋಲಿ ಹಿಡಿಯಮು ಅಲ್ರೀ?" ಎನ್ನುತ್ತಾಳೆ ಅವಳು.

"ಆ ಧೂಳಿನಾಗ ಕೂಸಿನ್ನ ಹ್ಯಾಂಗ ಇಟಗೋತಿ? ಅಣ್ಣ ಹೈದರಾಬಾದಿಗೇ ಬರ್ರಿ ಅನ್ಲತ್ತಾನ."

"ಅಲ್ಲಿ ನಂಗ್ಯಾರ ಅದಾರ? ರಾತ್ರಿ ಕೂಸು ಅತ್ತರ ಕೇಳ್ಲಾಕ ನಮ್ಮವ್ವ ಇರ್ತಾಳೇನು?"

ಇಬ್ಬರ ಮಾತಿನಲ್ಲೂ ಹುರುಳಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದೂ ಊರು ಒಂದೇ ಜಿಲ್ಲೆಯೊಳಗಿವೆ. ಆದರೂ ಮಗುವನ್ನು ಸಾಕುವ ಮಾತು ಬಂದಾಗ ಒಂದೊಂದರ ಲೆಕ್ಕ ಒಂದೊಂದು ಥರ. ಸಾಮಾನ್ಯವಾಗಿ ಎಳೆಯ ಜೋಡಿಗಳು ಈ ಲೆಕ್ಕವನ್ನು ಶಾಲೆಯಿಂದ ಶುರು ಮಾಡುತ್ತಾರೆ. ಎಲ್ಲಿ ಇಂಗ್ಲಿಷ್ ಮೀಡಿಯಂ ಇದೆ, ಎಲ್ಲಿ ಕಾನ್ವೆಂಟ್ ಇದೆ ಎಂದು ಕೇಳುತ್ತಾರೆ. ಶಾಲೆಯ ಬಾಗಿಲಿಗೆ ಇನ್ನೂ ವರ್ಷಗಳಿವೆ. ದವಾಖಾನೆಯ ಬಾಗಿಲಿಗೆ ಇರುವುದು ತಿಂಗಳುಗಳು ಮಾತ್ರ. ಆದ್ದರಿಂದ ಲೆಕ್ಕ ತಾಯಿಯಿಂದ ಶುರುವಾಗಬೇಕು. ಅದರಲ್ಲೂ ಮೊದಲು ನೋಡಬೇಕಾದದ್ದು ದಾರಿ.

ದಾರಿ ಎಂದರೆ ಇಲ್ಲಿ ಕಾಗಿಣಾ ನದಿ. ಕಲಬುರಗಿಯಿಂದ ಸೇಡಂಗೆ ಹೋಗುವ ರಸ್ತೆ ಮಳಖೇಡದ ಹತ್ತಿರ ಈ ನದಿಯನ್ನು ದಾಟುತ್ತದೆ. ಇದೇ ದಂಡೆಯನ್ನು ರಾಷ್ಟ್ರಕೂಟರು ತಮ್ಮ ರಾಜಧಾನಿ ಮಾನ್ಯಖೇಟಕ್ಕೆ ಆರಿಸಿಕೊಂಡರು. ನೃಪತುಂಗನ ಹೆಸರು, ಕವಿರಾಜಮಾರ್ಗದ ಹೆಸರು ಈ ಮಣ್ಣಿಗೆ ಅಂಟಿಕೊಂಡಿವೆ. ಕೋಟೆಗೆ ನೀರಿನ ಆಸರೆಯಾದ ನದಿ ಮಳೆಗಾಲದಲ್ಲಿ ಬಸುರಿಗೆ ಅಡ್ಡವಾಗುತ್ತದೆ. ಜೋರು ಮಳೆಯಾದ ವರ್ಷ ಮಳಖೇಡದ ಬಳಿ, ಚಿತ್ತಾಪುರ ತಾಲ್ಲೂಕಿನ ದಂಡೋತಿಯ ಬಳಿ ಸೇತುವೆಯ ಮೇಲೆ ನೀರು ಹರಿದು ಓಡಾಟ ನಿಲ್ಲುವುದು ಈ ಭಾಗದ ಜನಕ್ಕೆ ಗೊತ್ತಿರುವ ಸಂಗತಿ. 2020ರ ಅಕ್ಟೋಬರಿನಲ್ಲಿ ಭೀಮೆ ಮತ್ತು ಕಾಗಿಣಾ ಎರಡೂ ಉಕ್ಕಿ ಜಿಲ್ಲೆಯ ಎಷ್ಟೋ ಹಳ್ಳಿಗಳು ನೀರಿನಲ್ಲಿ ನಿಂತವು.

ಹೀಗಾಗಿ ಜುಲೈಯಿಂದ ಅಕ್ಟೋಬರ್ ನಡುವೆ ದಿನ ತುಂಬುವ ಹೆಣ್ಣುಮಗಳಿದ್ದರೆ ಮನೆಯವರು ಕೇಳಿಕೊಳ್ಳಬೇಕಾದ ಪ್ರಶ್ನೆ ನೇರವಾದದ್ದು: ಸೇತುವೆ ಮುಳುಗಿದರೆ ನಾವು ನದಿಯ ಯಾವ ದಂಡೆಗೆ ಉಳಿಯುತ್ತೇವೆ, ಆ ದಂಡೆಯಲ್ಲಿ ಆಪರೇಷನ್ ಮಾಡುವ ದವಾಖಾನೆ ಇದೆಯೇ? 108 ಆಂಬುಲೆನ್ಸ್ ಸೇವೆ ಕರ್ನಾಟಕಕ್ಕೆ ಬಂದದ್ದು 2008ರ ನವೆಂಬರ್ 1ರಂದು. ಅದು ಎಷ್ಟು ಜೀವ ಉಳಿಸಿದೆ ಎಂಬುದನ್ನು ಹಳ್ಳಿಯ ಯಾವ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಹೇಳುತ್ತಾಳೆ. ಆದರೆ ನೀರು ಹರಿಯುವ ಸೇತುವೆಯನ್ನು ಆಂಬುಲೆನ್ಸೂ ದಾಟಲಾರದು. ದಿನ ತುಂಬುವ ಒಂದೆರಡು ವಾರ ಮುಂಚೆಯೇ ದವಾಖಾನೆ ಇರುವ ಊರಿಗೆ, ಬಂಧುಗಳ ಮನೆಗಾದರೂ, ಬಸುರಿಯನ್ನು ಕರೆತಂದು ಇರಿಸಿಕೊಳ್ಳುವುದು ಇಂಥ ಕಡೆ ಬಹಳ ದೊಡ್ಡ ಜಾಣತನ.

ದವಾಖಾನೆ ಎಂದರೆ ಯಾವುದು ಎಂಬುದನ್ನೂ ಬಿಡಿಸಿ ಹೇಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಸೂಲಗಿತ್ತಿಯ ಕೈಯಲ್ಲಿ ಮನೆಯಲ್ಲೇ ಹೆರುತ್ತಿದ್ದ ಒಂದು ತಲೆಮಾರಿನ ಹಿಂದಿನ ಕಾಲಕ್ಕೆ ಹೋಲಿಸಿದರೆ ಇದು ಬಹಳ ದೊಡ್ಡ ಬದಲಾವಣೆ. ಅದೇ ಸಮೀಕ್ಷೆ ಇನ್ನೊಂದನ್ನೂ ಹೇಳಿತು: ರಾಜ್ಯದ ಬಸುರಿಯರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆ ಇದ್ದವಳಿಗೆ ಹೆರಿಗೆಯಲ್ಲಿ ರಕ್ತಸ್ರಾವ ಆದರೆ ಸಿಗುವ ಸಮಯ ಬಹಳ ಸ್ವಲ್ಪ. ಆದ್ದರಿಂದ ಕಟ್ಟಡ ಎಷ್ಟು ಚೆಂದ ಇದೆ ಎಂದು ನೋಡುವ ಬದಲು, ಸ್ತ್ರೀರೋಗ ತಜ್ಞರು, ಅರಿವಳಿಕೆ ಕೊಡುವ ವೈದ್ಯರು, ಮಕ್ಕಳ ವೈದ್ಯರು ಮೂವರೂ ಇದ್ದಾರೆಯೇ, ರಾತ್ರಿ ಕರೆದರೆ ಬರುತ್ತಾರೆಯೇ, ರಕ್ತ ಎಲ್ಲಿಂದ ತರಿಸುತ್ತಾರೆ ಎಂದು ವಿಚಾರಿಸಬೇಕು. ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ಇರುತ್ತದೆ. 2016ರಿಂದ ನಡೆದುಬಂದಿರುವ ಏರ್ಪಾಡು ಅದು. ಅಂದು ಹೋದರೆ ತಪಾಸಣೆಯೂ ಆಗುತ್ತದೆ, ಮೇಲಿನ ಪ್ರಶ್ನೆಗಳಿಗೆ ಉತ್ತರವೂ ಸಿಗುತ್ತದೆ.

ತೊಡಕಿನ ಹೆರಿಗೆಯಾದರೆ ಐದೂ ಊರಿನವರು ಕೊನೆಗೆ ಹೋಗುವುದು ಕಲಬುರಗಿಗೇ. ಅಲ್ಲಿ ಸರಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಜಿಮ್ಸ್ ಇದೆ, ಇಎಸ್‌ಐ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಶಹಾಬಾದಿನವರಿಗೆ ಅದು ಒಂದು ತಾಸಿನೊಳಗಿನ ದಾರಿ. ಚಿಂಚೋಳಿಯವರಿಗೆ 80 ಕಿಲೋಮೀಟರಿಗೂ ಮೇಲೆ. ಸೇಡಂ, ಚಿಂಚೋಳಿಯ ಗಡಿ ಹಳ್ಳಿಗಳವರು ತೆಲಂಗಾಣದ ತಾಂಡೂರಿಗೆ ಹೋಗುವುದೂ ಇದೆ, ಅದು ಹತ್ತಿರ. ಕಾರ್ಖಾನೆಯಲ್ಲಿ ಗುತ್ತಿಗೆಗೆ ದುಡಿಯುವ ಗಂಡಸರು ಇಲ್ಲಿ ಒಂದನ್ನು ನೆನಪಿಡಬೇಕು. ಸಂಬಳದಿಂದ ಇಎಸ್‌ಐ ಹಣ ಮುರಿದುಕೊಳ್ಳುತ್ತಿದ್ದರೆ ಆ ಸವಲತ್ತು ಹೆಂಡತಿಯ ಚಿಕಿತ್ಸೆಗೂ ಸಲ್ಲುತ್ತದೆ. ಕಾರ್ಡಿನಲ್ಲಿ ಹೆಂಡತಿಯ ಹೆಸರು ಸೇರಿದೆಯೇ ಎಂದು ಐದನೇ ತಿಂಗಳಲ್ಲೇ ನೋಡಿಕೊಂಡರೆ ನೋವು ಬಂದ ರಾತ್ರಿ ಕಾಗದ ಹಿಡಿದು ಓಡುವುದು ತಪ್ಪುತ್ತದೆ.

ಇನ್ನು ವಾಡಿ. ಮುಂಬೈ ಕಡೆಯಿಂದ ರಾಯಚೂರಿನ ಮೇಲೆ ಚೆನ್ನೈಗೆ ಹೋಗುವ ಹಳಿ, ಹೈದರಾಬಾದಿಗೆ ಹೊರಳುವ ಹಳಿ ಇಲ್ಲಿ ಕೂಡುತ್ತವೆ. ವಾಡಿಯಿಂದ ಸಿಕಂದರಾಬಾದಿನ ದಾರಿ 1874ರಲ್ಲಿ ತೆರೆಯಿತು, ನಿಜಾಮರ ಕಾಲ. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ಎಲ್ಲ ಆ ದಾರಿಯ ಮೇಲಿನ ಸ್ಟೇಷನ್ನುಗಳೇ. ರೈಲು ತಂದ ಊರಿಗೆ ಸುಣ್ಣದ ಕಲ್ಲು ಕಾರ್ಖಾನೆ ತಂದಿತು. ಎಸಿಸಿ ಸಿಮೆಂಟ್ ಕಂಪನಿ ಬಂತು, ಕಾಲೊನಿ ಬಂತು. ಕಾಲೊನಿಯೊಳಗೆ ಮನೆ ಸಿಕ್ಕ ಕಾಯಂ ನೌಕರನ ಮಗುವಿಗೂ, ಗೇಟಿನ ಹೊರಗೆ ಬಾಡಿಗೆ ಖೋಲಿಯಲ್ಲಿರುವ ಗುತ್ತಿಗೆ ಕಾರ್ಮಿಕನ ಮಗುವಿಗೂ ಬಾಲ್ಯ ಒಂದೇ ಆಗುವುದಿಲ್ಲ. ನೀರು, ನೆರಳು, ಆಟದ ಬಯಲು, ಎಲ್ಲದರಲ್ಲೂ ಗೇಟು ಒಂದು ಗೆರೆ ಎಳೆಯುತ್ತದೆ. ಸಿಮೆಂಟ್ ಊರುಗಳಲ್ಲಿ ಮನೆ ಹಿಡಿಯುವವರು ಬಾಡಿಗೆ ಎಷ್ಟು ಎಂದು ಕೇಳುವ ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ನೋಡಲಿ. ಕಾರ್ಖಾನೆಯ, ಖಣಿಯ, ಲಾರಿ ರಸ್ತೆಯ ಧೂಳು ಬಂದು ಬೀಳುವ ಕಡೆ ಮನೆ ಹಿಡಿದರೆ ಎಳೆಗೂಸಿನ ಎದೆಗೆ ಅದರ ಭಾರ ಬೀಳುತ್ತದೆ. ಅದೇ ಊರಿನಲ್ಲಿ ಕಾರ್ಖಾನೆಯಿಂದ ಸ್ವಲ್ಪ ದೂರ, ಗಾಳಿ ಬೀಸಿ ಬರುವ ಕಡೆ ಮನೆ ಸಿಕ್ಕರೆ ನೂರಿನ್ನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಶಹಾಬಾದ್ ಹೆಸರು ಕೇಳದ ಮನೆ ದೇಶದಲ್ಲಿ ಕಡಿಮೆ, ಏಕೆಂದರೆ ಅದು ಎಷ್ಟೋ ಮನೆಗಳ ನೆಲದ ಮೇಲೇ ಇದೆ. ಶಹಾಬಾದ್ ಪರಸಿ ಎಂದು ದೂರದೂರಿಗೆ ಹೋಗುವ ಹಾಸುಗಲ್ಲು ಈ ಸುತ್ತಿನ ಖಣಿಗಳದ್ದು. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆದಾಗ ಶಹಾಬಾದ್ ಸಿಮೆಂಟ್ ಕಂಪನಿಯೂ ಆ ಹತ್ತರಲ್ಲಿ ಒಂದಾಗಿತ್ತು. ಆ ಕಾರ್ಖಾನೆಯನ್ನು ನಂಬಿ ದೂರದೂರಿಂದ ಬಂದು ನೆಲೆಸಿದವರ ಮಕ್ಕಳು ಇಲ್ಲೇ ಹುಟ್ಟಿ, ಇಲ್ಲೇ ಓದಿ ದೊಡ್ಡವರಾದರು. ಮುಂದೆ ಹಳೆಯ ಕಾರ್ಖಾನೆ ನಿಂತಿತು. ಕೆಲಸ ಹೋದ ಮೇಲೂ ಊರು ಬಿಡದವರು ಎಷ್ಟೋ ಜನ ಇದ್ದಾರೆ. ಅಷ್ಟರಲ್ಲಿ ಅದು ಅವರ ಮಕ್ಕಳ ಊರಾಗಿತ್ತು. ಒಂದೇ ಕಂಪನಿಯನ್ನು ನೋಡಿ ಊರು ಆರಿಸುವ ತರುಣ ತಂದೆಯರು ಶಹಾಬಾದಿನ ಹಿರಿಯರೊಡನೆ ಅರ್ಧ ತಾಸು ಕೂತು ಮಾತಾಡುವುದು ಒಳ್ಳೆಯದು. ಈಗ ಶಹಾಬಾದ್ ತಾಲ್ಲೂಕು ಕೇಂದ್ರವಾಗಿದೆ. ಕಲಬುರಗಿಗೆ ಹತ್ತಿರ, ರೈಲು ಹತ್ತಿರ. ಈ ಐದರಲ್ಲಿ ಆಸ್ಪತ್ರೆಯ ದೃಷ್ಟಿಯಿಂದ ಅದಕ್ಕೆ ಮೊದಲ ಅಂಕ ಕೊಡಬೇಕು.

ಅದೇ ಕಲ್ಲಿನ ಮನೆಗಳ ಬಗ್ಗೆಯೂ ಒಂದು ಮಾತು. ಕಲ್ಲು ಹೊದಿಸಿದ ಮಾಳಿಗೆ ಹಗಲು ಕುಡಿದ ಬಿಸಿಲನ್ನು ರಾತ್ರಿ ತನಕ ಬಿಡುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬಾಣಂತಿಯನ್ನು ಕಿಟಕಿಯಿಲ್ಲದ ಕೋಣೆಯಲ್ಲಿ, ಬೆಂಕಿ ಕಾಯಿಸುತ್ತ, ಕಿವಿಗೆ ಬಟ್ಟೆ ಕಟ್ಟಿ ಇಡುವ ಪದ್ಧತಿ ಇಲ್ಲಿದೆ. ಮೇ ತಿಂಗಳ ಸೇಡಂಗಂತೂ ಅದು ಸಲ್ಲದು. ಹುಟ್ಟಿದ ಕೂಸಿಗೆ ಕಾವು ಬೇಕು ನಿಜ, ಕುದಿಯುವ ಕೋಣೆ ಬೇಡ. ಆರು ತಿಂಗಳ ತನಕ ಎದೆಹಾಲು ಬಿಟ್ಟು ಬೇರೆ ಏನೂ, ನೀರು ಕೂಡ, ಕೊಡಬೇಡಿ ಎಂದು ವೈದ್ಯರು ಹೇಳುತ್ತಾರೆ; ಬೇಸಿಗೆಯಲ್ಲಿ ನೀರು ಕುಡಿಯಬೇಕಾದವಳು ತಾಯಿ.

ಚಿಂಚೋಳಿಯ ಕಥೆಯೇ ಬೇರೆ. ಹಸಿರು ಕಣ್ಣಿಗೆ ಬೀಳುವುದು ಇಲ್ಲೇ. 2011ರಲ್ಲಿ ವನ್ಯಧಾಮ ಎಂದು ಘೋಷಣೆಯಾದ ಸುಮಾರು 135 ಚದರ ಕಿಲೋಮೀಟರ್ ಕಾಡು, ಚಂದ್ರಂಪಳ್ಳಿ ಜಲಾಶಯ, ಎತ್ತಿಪೋತ ಜಲಪಾತ, ಗುಡ್ಡದ ಮಗ್ಗುಲಿಗೆ ಲಂಬಾಣಿ ತಾಂಡಾಗಳು. ಮಗುವಿಗೆ ಉಸಿರಾಡಲು ಇದಕ್ಕಿಂತ ಒಳ್ಳೆಯ ಗಾಳಿ ಈ ಜಿಲ್ಲೆಯಲ್ಲಿ ಬೇರೆಲ್ಲಿ ಸಿಕ್ಕೀತು?

ಆದರೆ ಇದೇ ತಾಲ್ಲೂಕಿನ ಗಡಿಕೇಶ್ವರದ ಜನ 2021ರ ಅಕ್ಟೋಬರಿನಲ್ಲಿ ಮನೆಯೊಳಗೆ ಮಲಗಲು ಹೆದರಿದರು. ನೆಲದೊಳಗಿನಿಂದ ಸದ್ದು, ಮೇಲೆ ನಡುಕ. 11ರ ರಾತ್ರಿಯ ಕಂಪನ 4.1ರಷ್ಟು ದಾಖಲಾಯಿತು. ಎಷ್ಟೋ ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ನೆಂಟರ ಊರಿಗೆ ಹೋದವು; ಉಳಿದವರು ಬಯಲಲ್ಲಿ ರಾತ್ರಿ ಕಳೆದರು. ಹೈದರಾಬಾದಿನ ಎನ್‌ಜಿಆರ್‌ಐ ಭೂಭೌತ ಸಂಸ್ಥೆಯ ವಿಜ್ಞಾನಿಗಳು ಬಂದು ಅಧ್ಯಯನ ಮಾಡಿದರು. ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತ 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಹತ್ತು ಸಾವಿರದಷ್ಟು ಜನ ಸತ್ತದ್ದನ್ನು ಈ ಕಡೆಯ ಹಿರಿಯರು ಮರೆತಿಲ್ಲ. ಅಲ್ಲಿ ಹೆಚ್ಚು ಜೀವ ತೆಗೆದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ಮತ್ತು ಭಾರದ ಮಾಳಿಗೆಗಳು. ಇದನ್ನು ಹೇಳುವುದು ಚಿಂಚೋಳಿಯಿಂದ ಯಾರನ್ನೂ ಓಡಿಸುವುದಕ್ಕಲ್ಲ. ಮಗುವಿಗೆಂದು ಹೊಸ ಕೋಣೆ ಕಟ್ಟಿಸುವ ತಂದೆ ಅಡಿಪಾಯದ ಮೇಲೆ, ಬಾಗಿಲ ಮೇಲೆ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟಿನ ಪಟ್ಟಿ ಹಾಕಿಸಲಿ, ತೊಟ್ಟಿಲನ್ನು ಹಳೆಯ ಕಲ್ಲು ಮಾಳಿಗೆಯ ಕೆಳಗೆ ಕಟ್ಟದಿರಲಿ ಎಂಬುದಕ್ಕೆ.

ಸಂಸಾರ ಎಲ್ಲಿ ಎಂಬ ಪ್ರಶ್ನೆಗೆ ಸರಕಾರಿ ದಾಖಲೆಯಲ್ಲಿ ಉತ್ತರವೇ ಇಲ್ಲದವರೂ ಬಹಳ ಕಾಲ ಇಲ್ಲೇ ಬದುಕಿದರು. ಲಂಬಾಣಿ ತಾಂಡಾಗಳ ಎಷ್ಟೋ ಮನೆಗಳು ಅಜ್ಜನ ಕಾಲದಿಂದ ಇದ್ದರೂ ಅವುಗಳ ಕೆಳಗಿನ ನೆಲ ಮನೆಯವರ ಹೆಸರಿಗಿರಲಿಲ್ಲ. 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರ ಸಮ್ಮುಖದಲ್ಲಿ ಐದು ಜಿಲ್ಲೆಗಳ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡಲಾಯಿತು. ದಾಖಲೆಯಲ್ಲಿಲ್ಲದ ವಸತಿಗಳು ಕಂದಾಯ ಗ್ರಾಮಗಳಾದವು. ಇದು ಯಾವ ಪಕ್ಷದ ಸಾಧನೆ ಎಂಬ ವಾದ ನಡೆಯುತ್ತಲೇ ಇದೆ, ನಡೆಯಲಿ. ಹೊಟ್ಟೆಯಲ್ಲಿ ಕೂಸು ಇರುವ ತಾಂಡಾದ ಹೆಣ್ಣಿಗೆ ಆ ಕಾಗದ ಎಂದರೆ ಬ್ಯಾಂಕಿನ ಸಾಲ, ವಸತಿ ಯೋಜನೆಯ ಮನೆ, ನಳದ ಸಂಪರ್ಕ ಕೇಳುವ ಬಾಯಿ. ಹಕ್ಕುಪತ್ರ ಇನ್ನೂ ಕೈಗೆ ಬರದ ಮನೆಗಳು ಹೆರಿಗೆಗೆ ಮುಂಚೆ ತಹಶೀಲ್ದಾರ್ ಕಚೇರಿಗೆ ಒಂದು ಅರ್ಜಿ ಕೊಟ್ಟಿರುವುದು ಮೇಲು.

ಕಾಗದದ ಮಾತು ಬಂದಿದ್ದರಿಂದ ಇನ್ನೊಂದನ್ನೂ ಹೇಳಬೇಕು: ಹುಟ್ಟಿದ ಊರಿಗೆ ಈ ಜಿಲ್ಲೆ ಸೇರಿರುವ ಕಲ್ಯಾಣ ಕರ್ನಾಟಕದಲ್ಲಿ ಇರುವ ಬೆಲೆ ರಾಜ್ಯದ ಬೇರೆ ಕಡೆ ಇಲ್ಲ. 2012ರ 98ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ 371ಜೆ ವಿಧಿ, ಈ ಪ್ರದೇಶಕ್ಕೆ ಹುಟ್ಟಿನಿಂದಲೋ ವಾಸದಿಂದಲೋ ಸೇರಿದವರಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಕೊಡುತ್ತದೆ. ಇಲ್ಲಿನ ಉನ್ನತ ಶಿಕ್ಷಣ ಸಂಸ್ಥೆಗಳ ಸೀಟುಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸ್ಥಳೀಯರಿಗೆ. ತಾಂಡೂರಿನಲ್ಲೋ ಹೈದರಾಬಾದಿನಲ್ಲೋ ಹೆರಿಗೆಯಾದರೆ ಜನನ ಪತ್ರದಲ್ಲಿ ಬರುವುದು ತೆಲಂಗಾಣದ ಹೆಸರು. ಅದಕ್ಕೆಂದು ಹತ್ತಿರದ ಆಸ್ಪತ್ರೆ ಬಿಟ್ಟು ದೂರ ಹೋಗುವುದು ಖಂಡಿತ ತಪ್ಪು; ತಾಯಿಯ ಜೀವದ ಮುಂದೆ ಯಾವ ಮೀಸಲಾತಿಯೂ ದೊಡ್ಡದಲ್ಲ. ಆದರೆ ಅಂಥವರು ತಮ್ಮ ವಾಸದ ದಾಖಲೆಗಳನ್ನು, ರೇಷನ್ ಕಾರ್ಡು, ತಂದೆತಾಯಿಯ ಶಾಲಾ ದಾಖಲೆಗಳನ್ನು ಜೋಪಾನ ಮಾಡಲಿ. 371ಜೆ ಅರ್ಹತಾ ಪತ್ರ ಕೊಡುವ ಸಹಾಯಕ ಆಯುಕ್ತರ ಕಚೇರಿ ಸೇಡಂನಲ್ಲೇ ಇದೆ. ಮಗು ಎಲ್ಲಿ ಹುಟ್ಟಿದರೂ 21 ದಿನದೊಳಗೆ ಜನನ ನೋಂದಣಿ ಆಗಬೇಕು. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆಗೂ ಮುಂದಿನ ದಾಖಲೆಗಳಿಗೂ ಆ ಪತ್ರವೇ ಆಧಾರ.

ಶಾಲೆ ಬೇಡವೇ ಎಂದರೆ, ಬೇಕು. ಈ ವಿಷಯದಲ್ಲಿ ಸತ್ಯವನ್ನು ಮುಚ್ಚಿಡಬಾರದು. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ. 91.12 ಪಡೆದು ಮೇಲೆ ನಿಂತಿತು, ಕಲಬುರಗಿ ಶೇ. 42.43 ಪಡೆದು ಎಲ್ಲ ಜಿಲ್ಲೆಗಳ ಕೆಳಗೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿದಾಗ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ ಪಟ್ಟಿಯಲ್ಲಿದ್ದವು. ಆ ವರ್ಷ ಹುಟ್ಟಿದ ಮಕ್ಕಳು ಈಗ ತಾವೇ ತಂದೆತಾಯಿ ಆಗುವ ವಯಸ್ಸಿಗೆ ಬಂದಿದ್ದಾರೆ, ಅಂಕಿಗಳು ಇನ್ನೂ ಕೆಳಗೇ ಇವೆ. ಈ ನೋವು ಇರುವುದರಿಂದಲೇ ಹೈದರಾಬಾದ್, ಪುಣೆ, ಬೆಂಗಳೂರು ಎಂದು ಜನ ಹೊರಡುತ್ತಾರೆ.

ಹೋದವರನ್ನು ದೂರಬೇಕಾಗಿಲ್ಲ. ಆದರೆ ಹಸಿ ಬಾಣಂತಿಯನ್ನು, ಮೂರು ತಿಂಗಳ ಕೂಸನ್ನು ಕಟ್ಟಿಕೊಂಡು ಹೋಗುವ ಅವಸರ ಯಾಕೆ? ಮೊದಲ ಎರಡು ಮೂರು ವರ್ಷ ಮಗುವಿಗೆ ಬೇಕಾದದ್ದು ಹೊತ್ತಿಗೆ ಊಟ, ಲಸಿಕೆ, ಎತ್ತಿಕೊಳ್ಳುವ ಕೈಗಳು, ಅದರೊಡನೆ ಮಾತಾಡುವ ಬಾಯಿಗಳು. ಅಜ್ಜಿಯ ಕನ್ನಡ, ಓಣಿಯ ದಖ್ಖನಿ ಉರ್ದು, ಗಡಿಯ ತೆಲುಗು, ತಾಂಡಾದ ಲಂಬಾಣಿ ಎಲ್ಲ ಕೇಳಿ ಬೆಳೆದ ಸೇಡಂ ಸೀಮೆಯ ಕೂಸು ನಾಲ್ಕು ವರ್ಷಕ್ಕೆ ಮೂರು ಭಾಷೆ ತಿಳಿಯುತ್ತದೆ. ಯಾವ ನರ್ಸರಿಯೂ ದುಡ್ಡು ತೆಗೆದುಕೊಂಡು ಇದನ್ನು ಕಲಿಸಿಕೊಡುವುದಿಲ್ಲ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಿಂದ ಇದೆ. ಬಸುರಿಗೂ ಬಾಣಂತಿಗೂ ಮಧ್ಯಾಹ್ನದ ಬಿಸಿಯೂಟ, ಹಾಲು, ಮೊಟ್ಟೆ, ಚಿಕ್ಕಿ. ಅಪೌಷ್ಟಿಕತೆ ಹೆಚ್ಚಿರುವ ಕಾರಣಕ್ಕೆ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡುವ ಕೆಲಸ 2021ರ ಡಿಸೆಂಬರಿನಲ್ಲಿ ಶುರುವಾದದ್ದೂ ಮೊದಲು ಈ ಕಡೆಯ ಜಿಲ್ಲೆಗಳಲ್ಲೇ. ಹೀಗಾಗಿ ಮೇಲಿನ ಜೋಡಿಗೆ ಹೇಳಬೇಕಾದ ಮಾತು ಇಷ್ಟು: ಹೆರಿಗೆಯೂ ಮೊದಲ ವರ್ಷವೂ ಸೇಡಂನ ತವರಿನಲ್ಲಿ ಆಗಲಿ. ಗಂಡ ವಾಡಿಯಿಂದ ರೈಲಿಗೆ ಬಂದು ಹೋಗಲಿ. ಶಾಲೆಯ ಮಾತು ಬಂದಾಗ, ಸೇಡಂನಲ್ಲೇ ಕೊತ್ತಲ ಬಸವೇಶ್ವರ ಭಾರತೀಯ ಶಿಕ್ಷಣ ಸಮಿತಿಯ ಶಾಲೆ ಕಾಲೇಜುಗಳಿವೆ, ಸರಕಾರಿ ಶಾಲೆಗಳಿವೆ. ಹೊರಗೆ ಹೊರಡುವ ಮೊದಲು ಅವುಗಳ ತರಗತಿಯಲ್ಲಿ ಹೋಗಿ ಕೂತು ನೋಡಲಿ.

ಈ ಸಲಹೆ ಕೇಳುವ ಅನುಕೂಲವೂ ಇಲ್ಲದವರು ದಸರೆ, ದೀಪಾವಳಿ ಮುಗಿಯುತ್ತಲೇ ಟೆಂಪೋ ಹತ್ತುತ್ತಾರೆ. ಚಿಂಚೋಳಿ, ಸೇಡಂ, ಚಿತ್ತಾಪುರದ ಹಳ್ಳಿ ತಾಂಡಾಗಳಿಂದ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ಜೋಡಿಗಳು ಅವು. ಹೆಂಡತಿ ಐದು ತಿಂಗಳ ಬಸುರಿ ಇದ್ದರೂ ಹೋಗುತ್ತಾಳೆ, ಏಕೆಂದರೆ ಜೋಡಿ ಇದ್ದರೇ ಮೇಸ್ತ್ರಿ ಮುಂಗಡ ಕೊಡುತ್ತಾನೆ. ಅಂಥವಳ ಕೈಯಲ್ಲಿ ತಪಾಸಣೆ, ಲಸಿಕೆಯ ಲೆಕ್ಕ ಬರೆಯುವ ತಾಯಿ ಕಾರ್ಡ್ ಇರಲೇಬೇಕು. ಕೂಸಿಗೆ ಹುಟ್ಟಿದ ಕೂಡಲೇ, ಆಮೇಲೆ 6, 10, 14 ವಾರಗಳಿಗೆ, 9 ತಿಂಗಳಿಗೆ ಹಾಕಿಸಬೇಕಾದ ಲಸಿಕೆಯನ್ನು ದೇಶದ ಯಾವ ಸರಕಾರಿ ಆಸ್ಪತ್ರೆಯಲ್ಲೂ ಪುಕ್ಕಟೆ ಹಾಕುತ್ತಾರೆ. ಕಾರ್ಡು ತೋರಿಸಿದರೆ ಸಾಕು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿದ ಹೆಣ್ಣುಮಕ್ಕಳಿಗೆ ಹೆರಿಗೆ ಸಹಾಯಧನವೂ ಉಂಟು. ಊರಲ್ಲೇ ಕೂಲಿ ಸಿಕ್ಕರೆ ಗುಳೆ ತಪ್ಪೀತು, ಆದರೆ ಕೂಲಿಗೆ ಹೋದಾಗ ಕೂಸನ್ನು ನೋಡುವವರು ಬೇಕು. ಅದಕ್ಕೆಂದೇ 2023–24ರ ರಾಜ್ಯ ಬಜೆಟ್ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವ ಮಾತು ಕೊಟ್ಟಿತು, ಮೂರು ವರ್ಷದೊಳಗಿನ ಮಕ್ಕಳಿಗೆ. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ, ದಿನಾ ಬಾಗಿಲು ತೆರೆಯುತ್ತದೆಯೇ, ಕೂಸು ನೋಡುವ ಹೆಣ್ಣುಮಗಳಿಗೆ ಹೊತ್ತಿಗೆ ಸರಿಯಾಗಿ ಹಣ ಬರುತ್ತದೆಯೇ ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಇಲ್ಲದಿದ್ದರೆ ಬೇಕು ಎಂದು ಬರೆಸಿ, ಸಭೆಯ ನಡಾವಳಿ ಪುಸ್ತಕದಲ್ಲಿ ಅದು ದಾಖಲಾಗುವ ತನಕ ಎದ್ದು ಬರಬೇಡಿ.